ಸಹಾಯ ಬೇಕು: ಅಪ್ಪನ ಕಾಲಿನ ಗಾಯ, ಜೀನ್ ಪರೀಕ್ಷೆ ಮಾಡಿಸಬೇಕಾ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 14 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಅಂಗಿ ಗುಂಡಿಯಷ್ಟು ಅಗಲದ ಗಾಯ. ಎರಡು ತಿಂಗಳಾದರೂ ಮಾಯುತ್ತಿಲ್ಲ. ನೋವೇ ಇಲ್ಲ ಅನ್ನುತ್ತಾರೆ, ನನಗೆ ಭಯ ಅದಕ್ಕೇ ಜಾಸ್ತಿ. ಕಾಲುಚೀಲದಲ್ಲಿ ಕಲೆ ಕಂಡ ಮೇಲೆಯೇ ನಮಗೆ ಗೊತ್ತಾಗಿದ್ದು. ಚಿಕ್ಕಪ್ಪನಿಗೂ ಸಕ್ಕರೆ ಇದೆ, ಆದರೆ ಅವರ ಗಾಯ ಬೇಗ ಒಣಗಿತು.

ಈ ವ್ಯತ್ಯಾಸ ಯಾಕೆ ಅಂತ ಓದುತ್ತಾ ಹೋದೆ. ಟಿಎಲ್‌ಆರ್4 ಜೀನ್‌ನಿಂದ ಆಗುವ ಪ್ರೋಟೀನ್ ಕೆಲವು ಬ್ಯಾಕ್ಟೀರಿಯಾಗಳ ಹೊರಪದರವನ್ನು ಗುರುತಿಸಿ ದೇಹವನ್ನು ಎಚ್ಚರಿಸುತ್ತದೆ. ಟಿಎನ್‌ಎಫ್ ಆಲ್ಫಾ, ಐಎಲ್-6 ಜೀನ್‌ಗಳು ಉರಿಯೂತದ (ಗಾಯ, ಸೋಂಕು ಆದಾಗ ಬರುವ ಊತ, ಕೆಂಪು) ಜೋರನ್ನು ಏರಿಳಿಸುತ್ತವೆ. ಇವುಗಳಲ್ಲಿನ ಸಣ್ಣ ಬದಲಾವಣೆಗೂ ಪಾದದ ಹುಣ್ಣಿಗೂ ನಂಟಿದೆ ಅಂತ ಕೆಲವು ಅಧ್ಯಯನಗಳು ಹೇಳುತ್ತವೆ. ಎಲ್ಲ ಕಡೆಯೂ ಒಂದೇ ಫಲಿತಾಂಶ ಬಂದಿಲ್ಲ.

ಗುಂಪಿನಲ್ಲಿ ವೈದ್ಯರು, ಜೆನೆಟಿಕ್ಸ್ ಓದಿದವರು ಇದ್ದರೆ ದಯವಿಟ್ಟು ಹೇಳಿ. ಈ ಜೀನ್ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುತ್ತದಾ, ಇಲ್ಲ ಸುಮ್ನೆ ಖರ್ಚಾ? ಸ್ಪರ್ಶ ಗೊತ್ತಾಗುತ್ತದಾ ಅಂತ ನೋಡುವ ನೈಲಾನ್ ಎಳೆಯನ್ನು (10 ಗ್ರಾಂ ಮೊನೊಫಿಲಮೆಂಟ್) ಪಾದಕ್ಕೆ ತಾಗಿಸಿದಾಗ ಅಪ್ಪನಿಗೆ ಗೊತ್ತೇ ಆಗಲಿಲ್ಲ. ಪಾದದ ರಕ್ತ ಹರಿವು ಇನ್ನೂ ನೋಡಿಸಿಲ್ಲ. ಮೊದಲು ಅದೇ ಆಗಬೇಕು ಅಲ್ವಾ? ಗಾಯದ ಮೇಲೆ ಭಾರ ಬೀಳದಂತೆ ಮಾಡುವ ಬೂಟು ಬಳಸಿದವರಿದ್ದರೆ ಅನುಭವ ತಿಳಿಸಿ.