ಸ್ವತಃ ಹೊಲಿದ ಕ್ವಿಲ್ಟ್‌ನೊಳಗೆ ರಾತ್ರಿಯಿಡೀ ನಡುಕ: ಎಲ್ಲಿ ಎಡವಟ್ಟಾಗಿದೆ?

ಒಂಟಿನಡಿಗೆ: ಚಾರಣಕ್ಕೆಂದು ಕ್ವಿಲ್ಟ್ ಹೊಲಿದೆ, ಸ್ಲೀಪಿಂಗ್ ಬ್ಯಾಗ್ ಬದಲು ಮೇಲೆ ಹೊದೆಯುವಂಥದ್ದು. ಹೊರಗೂ ಒಳಗೂ 10 ಡೀನಿಯರ್‌ನ (ಬಲು ತೆಳು ಎಳೆಯ) ರಿಪ್‌ಸ್ಟಾಪ್ (ಸುಲಭಕ್ಕೆ ಹರಿಯದ) ನೈಲಾನ್, ನಡುವೆ ಬೆಚ್ಚಗಿಡಲು ಚದರ ಮೀಟರಿಗೆ 167 ಗ್ರಾಂ ತೂಗುವ ಸಿಂಥೆಟಿಕ್ ನಾರಿನ ಹಾಸು. 4 ಡಿಗ್ರಿಯವರೆಗೆ ಚಿಂತೆಯಿಲ್ಲ ಎಂದೇ ಎಲ್ಲರೂ ಹೇಳಿದ್ದು. 9 ಡಿಗ್ರಿಗೇ ಹಲ್ಲು ಕಟಕಟ ಎಂದವು. ಇನ್ನೊಂದು ಪದರ ಸೇರಿಸಲೇ? ‘ಅಂಗಡಿಯದನ್ನೇ ಕೊಳ್ಳಿ’ ಎನ್ನುವವರು ದಯವಿಟ್ಟು ಬಾಯಿ ಹಾಕಬೇಡಿ.

ಸೂಜಿಮೊನೆ: ಅಗಲ ಎಷ್ಟು? ಮಗ್ಗುಲು ಬದಲಿಸಿದಾಗ ಅಂಚು ಎದ್ದು ಗಾಳಿ ನುಗ್ಗುತ್ತದೆ. ಬೇರೆ ಕಾರಣ ಹುಡುಕುವುದೇ ಬೇಡ.

ಒಂಟಿನಡಿಗೆ: 142 ಸೆಂ.ಮೀ. ಸಾಕಷ್ಟಿದೆ.

ಸೂಜಿಮೊನೆ: ಆದರೂ ಗಾಳಿಯೇ. ಎಲಾಸ್ಟಿಕ್ ಪಟ್ಟಿ ಹೊಲಿದು ಮ್ಯಾಟಿಗೆ ಬಿಗಿಯಿರಿ.

ಹಗುರಹೊರೆ: ಪಟ್ಟಿ, ಕೊಕ್ಕೆ ಎಂದು ತೂಕ ಏರಿಸುವುದೇಕೆ? ನನ್ನದು 850 ಫಿಲ್ ಪವರ್ (ಉಬ್ಬುವಿಕೆಯ ಅಳತೆ) ಡೌನ್, ಅಂದರೆ ಹಕ್ಕಿಯ ಮೆದು ಪುಕ್ಕ, ಒಟ್ಟು 540 ಗ್ರಾಂ. ಪಟ್ಟಿಯೂ ಇಲ್ಲ, ಚಳಿಯೂ ಇಲ್ಲ.

ಸೂಜಿಮೊನೆ: ಒದ್ದೆಯಾದರೆ ನಿಮ್ಮ ಡೌನ್ ಮುದ್ದೆ. ಆಗ ಗ್ರಾಂ ಲೆಕ್ಕ ಹೇಳಿ.

ಹಗುರಹೊರೆ: ಒದ್ದೆ ಮಾಡಿಕೊಳ್ಳದಿರುವುದೂ ಒಂದು ವಿದ್ಯೆ.

ಕತ್ತರಿಕೆಲಸ: ಇಬ್ಬರೂ ತುಸು ನಿಲ್ಲಿ. ಹಾಸಿನ ನಡುವೆ ಹೊಲಿಗೆ ಹಾಕಿದ್ದೀರಾ?

ಒಂಟಿನಡಿಗೆ: ಹಾಕದೆ ಇರುತ್ತಾರೆಯೇ? ಹಾಸು ಸರಿಯದಿರಲೆಂದು 10 ಸೆಂ.ಮೀ.ಗೊಂದು ಸಾಲು, ಉದ್ದಕ್ಕೂ ಅಡ್ಡಕ್ಕೂ. ನೋಡಲು ಅಚ್ಚುಕಟ್ಟಾಗಿದೆ.

ಕತ್ತರಿಕೆಲಸ: ಸಿಕ್ಕಿತು. ಬೆಚ್ಚಗಿಡುವುದು ನಾರಲ್ಲ, ನಾರು ಹಿಡಿದಿಟ್ಟ ಗಾಳಿ. ಹೊಲಿಗೆ ಬಿದ್ದಲ್ಲೆಲ್ಲ ಹಾಸು ಚಪ್ಪಟೆಯಾಗಿ, ಬರೀ ಎರಡು ಪದರ ನೈಲಾನ್ ಹೊದ್ದಂತಾಗುತ್ತದೆ. ಉಳಿದ ಚೂರೊಂದನ್ನು ಎರಡೂ ಕೈಯಲ್ಲಿ ಎಳೆದು ನೋಡಿ. ಹತ್ತಿಯಂತೆ ಬಿಟ್ಟುಕೊಂಡು ಬಂದರೆ ತುಂಡುನಾರಿನದು, ಅದಕ್ಕೆ ನಡುವೆ ಹಿಡಿತ ಬೇಕು. ಜಗ್ಗಿದರೂ ಬಿಡದಿದ್ದರೆ ಉದ್ದೆಳೆಯದು. ಅಂಚಿನ ಹೊಲಿಗೆಯಷ್ಟೇ ಸಾಕು. ಅಂದ ಹಾಗೆ, ಮಲಗಿದ್ದು ಯಾವುದರ ಮೇಲೆ?

ಒಂಟಿನಡಿಗೆ: ಜಗ್ಗಿದರೂ ಬಿಡುತ್ತಿಲ್ಲ. ಮಲಗಿದ್ದು 5 ಮಿ.ಮೀ. ಫೋಮ್ ಮ್ಯಾಟ್ ಮೇಲೆ. ನಾನು ಕೇಳಿದ್ದು ಕ್ವಿಲ್ಟ್ ಬಗ್ಗೆ.

ಕತ್ತರಿಕೆಲಸ: ಕ್ವಿಲ್ಟ್‌ಗೆ ಬೆನ್ನಿನ ಭಾಗವೇ ಇಲ್ಲವಲ್ಲ, ಕೆಳಗಿನ ಚಳಿ ತಡೆಯಲು ಇರುವುದು ಆ ಮ್ಯಾಟ್ ಒಂದೇ. ಮೊದಲು ಅದನ್ನು ಬದಲಿಸಿ, ಅದಕ್ಕೆ ಹೊಲಿಗೆ ಬಿಚ್ಚಬೇಕಿಲ್ಲ.

ಸೂಜಿಮೊನೆ: ಪಟ್ಟಿಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂಟಿನಡಿಗೆ: ಒಂದು ಸಾಲು ಬಿಚ್ಚಿದೆ. ಹಾಸು ಉಬ್ಬಿತು, ಸರಿ. ಆದರೆ ನೈಲಾನ್ ತುಂಬ ಸಾಲುಸಾಲಾಗಿ ತೂತು! 90ರ ದಪ್ಪ ಸೂಜಿ ಹಾಕಿದ್ದೆ. ಮುಚ್ಚುತ್ತವೆಯೇ?

ಹಗುರಹೊರೆ: ಉಗುರಿನಿಂದ ಎರಡೂ ದಿಕ್ಕಿಗೆ ಮೆಲ್ಲಗೆ ಉಜ್ಜಿ, ಎಳೆಗಳು ಬಹುಮಟ್ಟಿಗೆ ಕೂಡಿಕೊಳ್ಳುತ್ತವೆ. ಇಷ್ಟು ತೆಳು ಬಟ್ಟೆಗೆ 60 ಅಥವಾ 70ರ ಸೂಜಿ. ನನ್ನ ಡೌನ್ ಕ್ವಿಲ್ಟ್ ಹೊಲಿದದ್ದು 60ರಲ್ಲಿ, ಒಂದು ಪುಕ್ಕವೂ ಹೊರಗೆ ಇಣುಕಿಲ್ಲ. ಚಿತ್ರ ಹಾಕಲೇ?