ಬಯಲಿನ ಅಡಿಕೆ ಸಸಿಗೆ ಬಿಸಿಲು ಹೊಡೆದಿದೆ, ಏನು ಮಾಡಲಿ?

ಕೇಳಿದ್ದು: ಹಳೇ ಗದ್ದೆಯಲ್ಲಿ ಹೋದ ಮಳೆಗಾಲ ಅಡಿಕೆ ನೆಟ್ಟಿದ್ದೇವೆ. ನೆರಳಿಗೆ ಏನೂ ಇಲ್ಲ. ಮಾರ್ಚ್ ಬಂದ ಮೇಲೆ ಪಶ್ಚಿಮಕ್ಕೆ ಬಾಗಿದ ಎಲೆಗಳು ಹಳದಿಯಾಗಿ ತುದಿ ಒಣಗುತ್ತಿವೆ. ನೀರಿಗೆ ಕೊರತೆಯಿಲ್ಲ. ಗೊಬ್ಬರ ಜಾಸ್ತಿ ಕೊಡಬೇಕಾ?

ಸಾಗರದ ಕಡೆಯಿಂದ: ಗೊಬ್ಬರದ ಚೀಲ ಬಿಚ್ಚುವ ಮೊದಲು ಹಳದಿ ಎಲೆಯೊಂದನ್ನು ಹತ್ತಿರದಿಂದ ನೋಡಿ. ಗರಿಯ ಮೇಲೆ ಗರಿ ಬಿದ್ದ ಕಡೆ ಅಡಿಯದು ಹಸಿರಾಗೇ ಇದೆಯಾ? ನಮ್ಮ ಸಸಿಗಳಲ್ಲಿ ಮೇಲಿನ ಗರಿಯ ಅಂಚು ಕೆಳಗಿನದರ ಮೇಲೆ ಗೆರೆ ಎಳೆದಂತೆ ಮೂಡಿತ್ತು. ಗೆರೆಯ ಆಚೆ ಹಳದಿ, ಈಚೆ ಕಡುಹಸಿರು. ಹಾಗಿದ್ದರೆ ಬಿಸಿಲಿನ ಪೆಟ್ಟು ಇದ್ದೇ ಇದೆ.

ಮಧ್ಯಾಹ್ನ ಬೀಳುವ ಬೆಳಕನ್ನೆಲ್ಲ ಬಳಸಿಕೊಳ್ಳಲು ಎಲೆಯಿಂದ ಆಗುವುದಿಲ್ಲ. ಮಿಕ್ಕಿದ್ದನ್ನು ಶಾಖವಾಗಿಸಿ ಹೊರಹಾಕುತ್ತದೆ. ಅದಕ್ಕೆ ನೆರವಾಗುವ ಜಿಯಾಕ್ಸಾಂಥಿನ್ ಎಂಬ ಬಣ್ಣದ ವಸ್ತು ಎಲೆಯೊಳಗೇ ತಯಾರಾಗುತ್ತದೆ. ಇಷ್ಟಾದರೂ ಬೆಳಕನ್ನು ಬಳಸಿಕೊಳ್ಳುವ ಕೆಲಸಕ್ಕೆ ಎಲೆಗೆ ಬೇಕಾದ ಡಿ1 ಎಂಬ ಪ್ರೋಟೀನ್ ಆ ಬೆಳಕಿಗೇ ಹಾಳಾಗುತ್ತಲೇ ಇರುತ್ತದೆ, ಎಲೆ ಅದನ್ನು ಹೊಸದಾಗಿ ಮಾಡಿಕೊಳ್ಳುತ್ತಲೇ ಇರುತ್ತದೆ. ರಿಪೇರಿಗಿಂತ ಹಾನಿಯೇ ಜಾಸ್ತಿಯಾದಾಗ ಹಸಿರು ಹೋಗುತ್ತದೆ. ನರ್ಸರಿಯ ನೆರಳಲ್ಲಿ ಬಂದ ಎಲೆ ತೆಳು, ಬೇಗ ಸೋಲುತ್ತದೆ. ಬಿಸಿಲಲ್ಲೇ ಬಿಚ್ಚಿಕೊಂಡ ಎಲೆ ದಪ್ಪ, ತಡೆದುಕೊಳ್ಳುತ್ತದೆ. ಅದಕ್ಕೇ ಹಳೇ ಎಲೆ ಬಿಟ್ಟು ಸುಳಿಯ ಮೇಲೆ ಕಣ್ಣಿಡಿ. ಈಗಲೇ ದಕ್ಷಿಣ, ಪಶ್ಚಿಮ ದಿಕ್ಕಿಗೆ ಸೋಗೆ ಊರಿ. ಮಳೆ ಬಿದ್ದಮೇಲೆ ಸಾಲಿನ ನಡುವೆ ಬಾಳೆ ಹಾಕಿ. ಅರೆ ಸುಟ್ಟ ಎಲೆ ಕಡಿಯಬೇಡಿ, ಉಳಿದ ಹಸಿರು ಇನ್ನೂ ದುಡಿಯುತ್ತಿದೆ.

ಪುತ್ತೂರಿನಿಂದ: ಸೋಗೆ ಊರುವುದು ಸರಿ. ಆದರೆ ಗೊಬ್ಬರದ ಪ್ರಶ್ನೆ ಅಲ್ಲಿಗೇ ಮುಗಿಯಲ್ಲ. ಮೆಗ್ನೀಸಿಯಂ ಕಮ್ಮಿಯಿದ್ದರೂ ಬಿಸಿಲು ಬಿದ್ದ ಕಡೆಯೇ ಹಳದಿ ಜಾಸ್ತಿ. ಅದು ಹಳೇ ಎಲೆಯಿಂದ ಶುರುವಾಗುತ್ತದೆ. ಪೂರ್ವದ ಕಡೆಯ ಹಳೇ ಎಲೆಗಳೂ ಹಳದಿಯಾಗಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ, ಸುಮ್ನೆ ಸುರಿಯಬೇಡಿ. ಮುಂದೆ ಕಾಂಡಕ್ಕೂ ಬಿಸಿಲು ಹೊಡೆಯುತ್ತದೆ: ಮೊದಲು ಹೊಂಬಣ್ಣದ ಮಚ್ಚೆ, ಆಮೇಲೆ ಕಂದು, ಕೊನೆಗೆ ಸೀಳು. ಆಗ ಸೋಗೆ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ.

ಬೆಂಗಳೂರಿನಿಂದ, ಸಸ್ಯಶಾಸ್ತ್ರ ಓದಿದವಳು: ನೆರಳು ಪೂರ್ತಿ ಮುಚ್ಚುವುದೂ ಬೇಡ. ಮೋಡ ಕವಿದರೂ ಎಲೆ ಶಾಖ ಹೊರಹಾಕುವುದನ್ನು ತಕ್ಷಣ ನಿಲ್ಲಿಸುವುದಿಲ್ಲ. ಅಷ್ಟು ಹೊತ್ತು ಸಿಕ್ಕ ಬೆಳಕೂ ದಂಡ. ಇದು ಬೇಗ ನಿಲ್ಲುವಂತೆ ಜೀನ್ ಬದಲಿಸಿದ ತಂಬಾಕು ಗಿಡ ಹೊಲದಲ್ಲಿ ಸುಮಾರು 15% ಜಾಸ್ತಿ ಬೆಳೆಯಿತು ಅಂತ ಅಮೆರಿಕದ ಇಲಿನಾಯ್ ಮತ್ತು ಬರ್ಕ್ಲಿಯ ವಿಜ್ಞಾನಿಗಳು 2016ರಲ್ಲಿ ತೋರಿಸಿದರು. ತೋಟದಲ್ಲಿ ನಮ್ಮ ಕೈಯಲ್ಲಿರುವುದು ನೆರಳಿನ ಹದ ಅಷ್ಟೇ ಅಲ್ವಾ? ಬಾಳೆ ದಟ್ಟವಾದರೆ ಒಂದೆರಡು ಎಲೆ ಸವರಿ. ಸೋಗೆಯನ್ನು ಮಳೆ ಹಿಡಿದ ಮೇಲೆ, ಮೋಡದ ದಿನ ನೋಡಿ ತೆಗೆಯಿರಿ.