ದೂರ ಇರೋದು ಕಂಪ್ಯೂಟರಾ, ನಾನಾ? ‘ರಿಮೋಟ್ ಆಕ್ಸೆಸ್’ಗೆ ಒಂದು ಕನ್ನಡ ಮಾತು ಬೇಕಿದೆ

ಎಲ್ಲರಿಗೂ ನಮಸ್ಕಾರ.

‘ರಿಮೋಟ್ ಆಕ್ಸೆಸ್’ ಅನ್ನೋದಕ್ಕೆ ಆಡುಮಾತಿಗೆ ಹೊಂದುವ ಕನ್ನಡ ಪದ ಯಾವುದು? ಬೇರೆ ಊರಿನಲ್ಲಿ ಕೂತು, ಮನೆಯಲ್ಲಿರುವ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ಬಳಸುವುದು, ಆ ಅರ್ಥದಲ್ಲಿ. ನನಗೆ ಮೂರ್ನಾಲ್ಕು ಪದ ಹೊಳೆದಿವೆ. ಒಂದೂ ಪೂರ್ತಿ ಮನಸ್ಸಿಗೆ ಬಂದಿಲ್ಲ.

ಯಾಕೆ ಬೇಕು ಅಂತ ಮೊದಲು ಹೇಳಿಬಿಡ್ತೀನಿ. ನಾನು ಮೈಸೂರಿನಲ್ಲಿ ಮನೆಯಿಂದಲೇ ಡಿಟಿಪಿ, ಅಂದರೆ ಪುಸ್ತಕಗಳ ಪುಟ ಜೋಡಿಸುವ ಕೆಲಸ, ಮಾಡುತ್ತೇನೆ. ಹಳೇ ಪುಸ್ತಕಗಳ ಫೈಲುಗಳೆಲ್ಲ ಪೇಜ್‌ಮೇಕರಿನಲ್ಲಿವೆ. ಅಕ್ಷರ ‘ನುಡಿ’ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನದು, ಎಲ್ಲ ಕಂಪ್ಯೂಟರಿಗೂ ತಿಳಿಯುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳ ರಾಶಿ. ಹಾಗಾಗಿ ತವರಿಗೆ ಹೋದಾಗಲೂ ನನಗೆ ಆ ಒಂದೇ ಕಂಪ್ಯೂಟರು ಬೇಕು. ತವರು ಸಾಗರದ ಹತ್ತಿರದ ಹಳ್ಳಿ. ಮೊದಲೆಲ್ಲ ‘ಮುಖಪುಟದ ಹಿಂದೆ ಒಂದು ಸಾಲು ತಿದ್ದಬೇಕಿತ್ತು ಮೇಡಂ’ ಅಂತ ಫೋನ್ ಬಂದರೆ ರಾತ್ರಿ ರೈಲು ಹತ್ತಿ ವಾಪಸ್ ಹೊರಡಬೇಕಿತ್ತು. ಈಗ ಅಮ್ಮನ ಮನೆ ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಐದು ನಿಮಿಷದಲ್ಲಿ ಮುಗಿಸುತ್ತೇನೆ. ಇದೇ ಕೆಲಸ ಮಾಡುವ ನಾಲ್ಕಾರು ಗೆಳತಿಯರು ಹೇಗೆ ಅಂತ ಕೇಳಿದರು. ನಾಲ್ಕು ಪುಟ ಬರೆದುಕೊಡೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ.

‘ದೂರಸ್ಥ ಗಣಕ’ ಅಂತ ಬರೆದಿದ್ದೆ. ಕನ್ನಡಕ್ಕೆ ತಂದ ಕೆಲವು ತಂತ್ರಾಂಶಗಳ ಮೆನುವಿನಲ್ಲಿ ಈ ‘ದೂರಸ್ಥ’ವನ್ನು ನೋಡಿದ್ದೇನೆ. ಅದರ ಜೋಡಿ ‘ಸ್ಥಳೀಯ’. ಕಿವಿಗೆ ಹೇಗಿದೆ ನೋಡೋಣ ಅಂತ ಅಮ್ಮನಿಗೆ ಓದಿ ಹೇಳಿದೆ. ‘ದೂರಸ್ಥ ಅಂದ್ರೆ ದೂರ ಇರೋದು. ಅಂದ್ರೆ ನಮ್ಮನೆ ಕಂಪ್ಯೂಟರು’ ಅಂತ ಬಿಡಿಸಿಯೂ ಹೇಳಿದೆ. ಅಮ್ಮ ಬಸಳೆ ಸೊಪ್ಪು ಬಿಡಿಸ್ತಾ ಇದ್ದಳು. ತಲೆ ಎತ್ತದೆ ಕೇಳಿದಳು: ‘ಅದೆಲ್ಲಿ ದೂರ ಹೋಯ್ತು? ಅದು ಮನೇಲೇ ಇದೆ. ದೂರ ಬಂದಿರೋದು ನೀನಲ್ವಾ?’

ಅಲ್ಲಿಗೆ ದೂರಸ್ಥ ಬಿದ್ದುಹೋಯಿತು. ‘ನಮ್ಮನೆ ಇಲ್ಲಿಂದ ದೂರ’ ಅಂತ ನಾವೂ ಹೇಳುತ್ತೇವೆ, ನಿಜ. ಆದರೆ ಆ ‘ಇಲ್ಲಿಂದ’ ಜೊತೆಗಿರಬೇಕು. ಮನೆಗೇ ‘ದೂರದ ಮನೆ’ ಅಂತ ಹೆಸರಿಟ್ಟು ಯಾರೂ ಕರೆಯುವುದಿಲ್ಲ. ಇಂಗ್ಲಿಷಿನವರು ತಾವು ಕೂತ ಜಾಗವನ್ನು ಲೋಕದ ನಡುವೆ ಇಟ್ಟುಕೊಂಡು, ಉಳಿದದ್ದಕ್ಕೆಲ್ಲ ರಿಮೋಟ್ ಅನ್ನುತ್ತಾರೆ. ನಮಗೆ ನಡುವೆ ಇರೋದು ಮನೆ. ಹೋಗೋದು ಬರೋದು ನಾವು.

‘ದೂರವಾಣಿ’, ‘ದೂರದರ್ಶನ’ ಇವೆಯಲ್ಲ ಅಂತ ನೀವು ಕೇಳಬಹುದು. ಅಲ್ಲಿ ದನಿಯೋ ಚಿತ್ರವೋ ದೂರದಿಂದ ನಮ್ಮ ಹತ್ತಿರ ಬರುತ್ತದೆ. ಇಲ್ಲಿ ನಮ್ಮ ಕೈ ಅಲ್ಲಿಗೆ ಹೋಗಬೇಕು. ದಿಕ್ಕು ಉಲ್ಟಾ.

ಇನ್ನೊಂದು ತೊಡಕು. ರಿಮೋಟ್ ಅನ್ನೋದು ಆ ಪೆಟ್ಟಿಗೆಗೆ ಅಂಟಿದ ಹೆಸರಲ್ಲ. ನಾನು ಮೈಸೂರಿಗೆ ವಾಪಸ್ ಬಂದು ಅದರ ಮುಂದೆ ಕೂತರೆ ಅದೇ ‘ಸ್ಥಳೀಯ’ ಆಗಿಬಿಡುತ್ತದೆ. ಇದಕ್ಕೆ ನಮ್ಮ ‘ಆಕಡೆ’, ‘ಈಕಡೆ’ ಎಷ್ಟು ಸಲೀಸು! ಬರೆದು ನೋಡಿದೆ. ‘ಆಕಡೆ ಕಂಪ್ಯೂಟರಿನಲ್ಲಿ ನುಡಿ ಆನ್ ಇರಲಿ, ಈಕಡೆ ಲ್ಯಾಪ್‌ಟಾಪಿನಲ್ಲಿ ಆಫ್ ಮಾಡಿ.’ ಎರಡೂ ಕಡೆ ಆನ್ ಇದ್ದರೆ ಈಕಡೆ ನುಡಿ ಒಂದು ಸಲ ಅಕ್ಷರ ಬದಲಿಸುತ್ತದೆ, ಆಕಡೆಯದು ಅದನ್ನೇ ಇನ್ನೊಂದು ಸಲ ಬದಲಿಸಲು ಹೋಗುತ್ತದೆ. ನಾನು ‘ಕೃಷ್ಣ’ ಅಂತ ಒತ್ತಿ ಏನೇನೋ ಪಡೆದಿದ್ದೇನೆ. ಈ ಎಚ್ಚರಿಕೆಯನ್ನು ದೂರಸ್ಥ, ಸ್ಥಳೀಯ ಹಾಕಿ ಬರೆದು ನೋಡಿ. ಯಾವುದು ಯಾವುದು ಅಂತ ಓದುವವರು ಎರಡು ಸಲ ನಿಲ್ಲಬೇಕು.

ಹಾಗಾದರೆ ‘ಹೊರಗಿನಿಂದ ಬಳಕೆ’ ಅನ್ನೋಣವೇ? ಅರ್ಥ ಸರಿಯಾಗಿದೆ, ನಾನು ಹೊರಗಿದ್ದೇನೆ ಅನ್ನೋದೂ ಬಂತು. ಸ್ವಲ್ಪ ಉದ್ದ. ಮತ್ತೆ ನಮ್ಮ ಕಡೆ ಹೆಂಗಸರ ನಡುವೆ ‘ಹೊರಗಾಗಿದ್ದಾಳೆ’, ‘ಹೊರಗೆ ಕೂತಿದ್ದಾಳೆ’ ಅಂದರೆ ಬೇರೆಯೇ ಅರ್ಥ. ‘ನಾನು ಹೊರಗೆ ಕೂತು ಕೆಲಸ ಮಾಡ್ತೀನಿ’ ಅಂತ ಬರೆದು ನಾನೇ ನಕ್ಕು ಅಳಿಸಿದೆ.

ಇನ್ನು ‘ಆಕ್ಸೆಸ್’. ಕಷ್ಟ ಇರೋದೇ ಇಲ್ಲಿ.

ನಿಘಂಟಿನಲ್ಲಿ ಪ್ರವೇಶ, ಪ್ರವೇಶಾವಕಾಶ ಅಂತ ಸಿಗುತ್ತದೆ. ಸಿನಿಮಾ ಟಿಕೆಟ್ಟಿನ ನೆನಪಾಗುತ್ತದೆ. ಆ ಇಂಗ್ಲಿಷ್ ಪದದೊಳಗೆ ನಾಲ್ಕು ಸಂಗತಿ ಒಟ್ಟಿಗೆ ಕೂತಿವೆ. ಅಲ್ಲಿವರೆಗೆ ಎಟಕುವುದು, ಒಳಗೆ ಹೋಗುವುದು, ಹೋಗಲು ಒಪ್ಪಿಗೆ ಇರುವುದು, ಹೋಗಿ ಬಳಸುವುದು. ನನ್ನ ನಾಲ್ಕು ಪುಟದಲ್ಲಿ ಇವು ಬೇರೆ ಬೇರೆಯಾಗಿ ಕೈಕೊಡುತ್ತವೆ. ಅದಕ್ಕೇ ಒಂದೇ ಪದ ಸಾಲುತ್ತಿಲ್ಲ.

ಎಟಕುವುದನ್ನೇ ತಗೊಳ್ಳಿ. ಮನೆ ರೂಟರು, ಅಂದರೆ ಇಂಟರ್ನೆಟ್ ಹಂಚುವ ಪೆಟ್ಟಿಗೆ, ಒಳಗಿನ ಒಂದೊಂದು ಯಂತ್ರಕ್ಕೂ ಸಾಮಾನ್ಯವಾಗಿ 192.168 ಅಂತ ಶುರುವಾಗುವ ನಂಬರು ಕೊಡುತ್ತದೆ. ಅದು ಹೊರಗಿನವರಿಗೆ ಗೊತ್ತಾಗುವ ವಿಳಾಸವಲ್ಲ. ಇದನ್ನು ಗೆಳತಿಯರಿಗೆ ಹೇಳಲು ನನಗೆ ಒದಗಿದ್ದು ವಠಾರ. ಬೀದಿಗೆ ಕಾಣುವುದು ಗೇಟಿನ ಒಂದೇ ನಂಬರು, ಒಳಗೆ ಹತ್ತು ಮನೆ. ಎಷ್ಟೋ ಕಡೆ ಇಂಟರ್ನೆಟ್ ಕಂಪನಿಯೇ ಇನ್ನೂ ದೊಡ್ಡದೊಂದು ವಠಾರ ಕಟ್ಟಿರುತ್ತದೆ. ಇಂಟರ್ನೆಟ್ಟಿನ ಹಳೇ ಮಾದರಿಯ (ಐಪಿವಿ4) ವಿಳಾಸಗಳು ಒಟ್ಟು ಇರೋದೇ ಸುಮಾರು 429 ಕೋಟಿ. ಹೊಸದಾಗಿ ಹಂಚಲು ಇಟ್ಟಿದ್ದ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಅದಕ್ಕೆ ನೂರಾರು ಮನೆಗೆ ಒಂದೇ ಹೊರವಿಳಾಸ. ನಿಮ್ಮ ರೂಟರಿನಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಕಂಡರೆ ನೀವು ಆ ದೊಡ್ಡ ವಠಾರದಲ್ಲಿದ್ದೀರಿ. ನಿಮ್ಮ ಬಾಗಿಲು ತೆರೆದಿಟ್ಟರೂ ಯಾರೂ ನೇರ ಬರಲಾಗದು. ‘ಒಳವಿಳಾಸ’, ‘ಹೊರವಿಳಾಸ’ ಅಂತ ಬಳಸಿದ್ದೇನೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಕಂಪ್ಯೂಟರಿನೊಳಗೆ ಒಂದೊಂದು ಬಗೆಯ ಸಂಪರ್ಕ ಬರಲು ನಂಬರು ಹಾಕಿದ ದಾರಿಗಳಿರುತ್ತವೆ, ಅವೇ ‘ಪೋರ್ಟ್’. ಅದಕ್ಕೆ ಮಾತ್ರ ಅನುವಾದ ಯಂತ್ರ ‘ಬಂದರು’ ಅಂತ ಕೊಟ್ಟಿತು! ಮನೆ ಕಂಪ್ಯೂಟರಿಗೆ ಹಡಗು ಬರುತ್ತದೆಯೇ? ಇಲ್ಲಿನ ಪೋರ್ಟ್ ಬಂದರಿನ ಪೋರ್ಟ್ ಅಲ್ಲ, ಬಾಗಿಲು ಅನ್ನುವ ಲ್ಯಾಟಿನ್ ಮಾತಿನಿಂದ ಬಂದದ್ದು. ಆದರೆ ಬಾಗಿಲು ಅಂದರೆ ಒಂದೋ ಎರಡೋ ಇರಬೇಕು. ಪೋರ್ಟ್ ನಂಬರುಗಳು 65,535ರವರೆಗೆ ಹೋಗುತ್ತವೆ. ‘ಕಿಂಡಿ’ ಸರಿ ಅನ್ನಿಸುತ್ತದೆ. ಕಿಂಡಿ ಅಣೆಕಟ್ಟು ನೋಡಿದವರಿಗೆ ಥಟ್ಟನೆ ಹೊಳೆಯುತ್ತದೆ. ಸಾಲಾಗಿ ಕಿಂಡಿಗಳು, ಎಲ್ಲಕ್ಕೂ ಹಲಗೆ ಹಾಕಿದೆ, ಬೇಕಾದ್ದನ್ನು ಮಾತ್ರ ತೆಗೆಯಬೇಕು. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ 3389ನೇ ಕಿಂಡಿಯಲ್ಲಿ ಕಾಯುತ್ತದೆ. ಅದನ್ನು ಹೊರಗಿನವರಿಗೆ ನೇರ ತೆರೆದಿಟ್ಟರೆ ಲೋಕದ ಕಳ್ಳರೆಲ್ಲ ಬಂದು ಬಡಿಯುತ್ತಾರೆ, ಹಾಗೆ ಮಾಡಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿದ್ದೇನೆ. ‘ಪೋರ್ಟ್ ಫಾರ್ವರ್ಡಿಂಗ್’ಗೆ ಏನನ್ನೋದು ಗೊತ್ತಾಗಲಿಲ್ಲ. ಗೇಟಿಗೆ ಬಂದವರನ್ನು ವಠಾರದ ಇಂಥ ಮನೆಗೆ ಕಳಿಸು ಅಂತ ಹೇಳಿಡುವುದು, ಅಷ್ಟೇ ತಾನೇ?

ಒಪ್ಪಿಗೆಯ ವಿಷಯಕ್ಕೆ ಬರೋಣ. ಜನ ನಿಜವಾಗಿ ಹೇಗೆ ಮಾತಾಡ್ತಾರೆ ಅಂತ ಕಿವಿಗೊಟ್ಟು ಕೇಳಿದ್ದೇನೆ. ಲೆಕ್ಕದ ಸಾಫ್ಟ್‌ವೇರ್ ರಿಪೇರಿಗೆ ಫೋನ್ ಮಾಡಿದರೆ ಆ ಹುಡುಗ ಹೇಳೋದು ‘ರಿಮೋಟ್ ತಗೊಳ್ತೀನಿ ಮೇಡಂ’ ಅಂತ. ಇಲ್ಲವೇ ‘ಎನಿಡೆಸ್ಕ್ ಕೊಡಿ’. ಎನಿಡೆಸ್ಕ್ ಅನ್ನೋದು ಈ ಕೆಲಸದ ಒಂದು ಆಪ್. ಕೊಡಬೇಕಾದ್ದು ಪರದೆ ಮೇಲಿನ ನಂಬರು, ಆಪ್ ಹೆಸರೇ ಅದಕ್ಕೆ ನಿಂತಿದೆ. ಕನ್ನಡದಲ್ಲಿ ಆಕ್ಸೆಸ್ ಈಗಾಗಲೇ ಒಂದು ಕೊಡು-ತಗೋ ವ್ಯವಹಾರ! ಸಲೀಸು ಮಾತು, ಆದರೆ ಅಪಾಯದ್ದು. ರಿಮೋಟ್ ಅಂದರೆ ಎಷ್ಟೋ ಮನೆಯಲ್ಲಿ ಟಿವಿಯದು. ‘ರಿಮೋಟ್ ಕೊಡಿ’ ಅಂದರೆ ಚಾನೆಲ್ ಬದಲಿಸಲು ಕೊಟ್ಟಷ್ಟೇ ಹಗುರವಾಗಿ ಕೇಳಿಸುತ್ತದೆ. ಕೊಟ್ಟದ್ದು ಇಡೀ ಮನೆ. ಇಂಥ ಆಪ್ ಹಾಕಿಸಿ ಫೋನಿನಿಂದ ಹಣ ಎಗರಿಸುವವರ ಬಗ್ಗೆ 2019ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಎಚ್ಚರಿಕೆ ಕೊಡಬೇಕಾಯಿತು. ‘ಒಳಗೆ ಬಿಡ್ತೀರಾ?’ ಅಂತ ಕೇಳಿದ್ದರೆ ಜನ ಒಂದು ಕ್ಷಣ ಯೋಚಿಸುತ್ತಿದ್ದರು ಅನ್ನಿಸುತ್ತದೆ.

ಈ ‘ಒಳಗೆ’ ನನಗೆ ಸಿಕ್ಕಿದ್ದು ಅತ್ತೆಯಿಂದ. ಮೊದಲ ಸಲ ಸಾಗರದಿಂದ ಪ್ರಯತ್ನಿಸಿದಾಗ ಮೈಸೂರಿನಿಂದ ಅವರ ಫೋನು. ‘ನೋಡಮ್ಮ, ನಿನ್ನ ಕಂಪ್ಯೂಟರಲ್ಲಿ ಬಾಣ ತನ್ನಷ್ಟಕ್ಕೆ ತಾನೇ ಓಡಾಡ್ತಿದೆ. ಯಾರೋ ಒಳಗೆ ಹೊಕ್ಕಂಗಿದೆ. ಮೈಮೇಲೆ ಬಂದೋರ ಥರ ಆಡ್ತಿದೆ.’ ನಾನೇ ಅತ್ತೆ ಅಂದರೂ ನಂಬಲಿಲ್ಲ. ನೋಟ್‌ಪ್ಯಾಡ್ ತೆರೆದು ‘ಅತ್ತೆ, ಊಟ ಆಯ್ತಾ’ ಅಂತ ದೊಡ್ಡಕ್ಷರದಲ್ಲಿ ಟೈಪ್ ಮಾಡಿದೆ. ಆಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ‘ಆಯ್ತು’ ಅಂದರು, ಫೋನಿಗಲ್ಲ, ಕಂಪ್ಯೂಟರಿಗೆ.

ಹಾಸ್ಯಕ್ಕೆ ಹೇಳ್ತಿಲ್ಲ. ಈ ಕೆಲಸದಲ್ಲಿ ನಿಜಕ್ಕೂ ಎರಡು ಬಗೆ ಇವೆ. ಆಕಡೆ ಪರದೆಯಲ್ಲಿ ನಾವು ಮಾಡಿದ್ದೆಲ್ಲ ಕಾಣುವುದು ಒಂದು ಬಗೆ. 1990ರ ದಶಕದ ಕೊನೆಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ವಿಎನ್‌ಸಿ ಅನ್ನುವ ತಂತ್ರಾಂಶ ಹೀಗೆ, ಈಗಿನ ಹೆಚ್ಚಿನ ಆಪ್‌ಗಳೂ ಹೀಗೆ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಇನ್ನೊಂದು ಬಗೆ. ನಾವು ಒಳಹೊಕ್ಕ ಕೂಡಲೇ ಆಕಡೆ ಪರದೆಗೆ ಬೀಗ ಬೀಳುತ್ತದೆ, ಮನೆಯವರಿಗೆ ಏನೂ ಕಾಣದು. (ವಿಂಡೋಸ್ ಹೋಮ್ ಇದ್ದವರಿಗೆ ಈ ಎರಡನೆಯದು ಇಲ್ಲ. ಆಕಡೆ ಪ್ರೊ ಬೇಕು. ನಾನು ಒಂದು ಭಾನುವಾರ ಪೂರ್ತಿ ಕಳೆದಮೇಲೆ ಇದು ಗೊತ್ತಾಗಿದ್ದು.) ಮೊದಲನೆಯದಕ್ಕೆ ‘ಮೈಮೇಲೆ ಬರೋದು’ ಅಂತ ಬರೆಯುವ ಆಸೆ ಇದೆ, ಧೈರ್ಯ ಇಲ್ಲ.

ಆದರೆ ‘ಹೊಕ್ಕು’ ಮಾತ್ರ ತಲೆಯಲ್ಲಿ ಉಳಿಯಿತು. ನಮ್ಮಜ್ಜಿ ‘ಅವರ ಮನೆಗೂ ನಮ್ಮ ಮನೆಗೂ ಹೊಕ್ಕುಬಳಕೆ ಇದೆ’ ಅನ್ನುತ್ತಿದ್ದರು. ಅಂದರೆ ಹೋಗಿ ಬರುವ ಸಲಿಗೆ. ಕೇಳದೆ ಅಡುಗೆಮನೆವರೆಗೂ ಹೋಗಬಹುದು, ಒಂದು ಲೋಟ ಮಜ್ಜಿಗೆ ತಾವೇ ಬಗ್ಗಿಸಿಕೊಳ್ಳಬಹುದು. ಒಳಗೆ ಹೋಗುವುದೂ ಇದೆ, ಬಳಸುವುದೂ ಇದೆ, ಮನೆಯವರ ಒಪ್ಪಿಗೆಯೂ ಅದರಲ್ಲೇ ಇದೆ. ನಾಲ್ಕರಲ್ಲಿ ಮೂರು ಬಂತು! ಒಪ್ಪಿಗೆ ಇಲ್ಲದೆ ಹೊಕ್ಕರೆ ಅದು ಬರೀ ಹೊಕ್ಕಿದ್ದು, ದೆವ್ವದ ಹಾಗೆ, ಕಳ್ಳನ ಹಾಗೆ. ‘ಹೊರಗಿಂದ ಹೊಕ್ಕುಬಳಕೆ’ ಅಂದರೆ ಹೇಗೆ? ನನಗೆ ಇಷ್ಟ. ಆದರೆ ಈಗಿನ ಹುಡುಗರಿಗೆ ಹೊಕ್ಕುಬಳಕೆ ಗೊತ್ತೇ? ನಿಮ್ಮ ಕಡೆ ಈ ಮಾತು ಇನ್ನೂ ಓಡಾಡುತ್ತಿದೆಯೇ?

ಕೊನೆಯದಾಗಿ ‘ವೇಕ್ ಆನ್ ಲ್ಯಾನ್’. ಮಲಗಿದ ಕಂಪ್ಯೂಟರನ್ನು ನೆಟ್‌ವರ್ಕಿನಿಂದಲೇ ಏಳಿಸುವ ಉಪಾಯ. ಇದಕ್ಕೆ ನಾನು ಚರ್ಚೆಯನ್ನೇ ಇಟ್ಟುಕೊಂಡಿಲ್ಲ, ‘ಎಬ್ಬಿಸು’ ಅಂತ ಬರೆದಿದ್ದೇನೆ. ಕಳಿಸುವ ಸಂದೇಶದಲ್ಲಿ ಮೊದಲು ಒಂದು ಗುರುತು, ಆಮೇಲೆ ಆ ಯಂತ್ರದ ನೆಟ್‌ವರ್ಕ್ ವಿಳಾಸವೇ ಒಂದರ ಹಿಂದೆ ಒಂದು 16 ಸಲ. ಶಾಲೆಗೆ ಹೊತ್ತಾಯಿತು ಅಂತ ಮಕ್ಕಳ ಹೆಸರು ಹಿಡಿದು ಕೂಗುವ ಹಾಗೇ ಇದೆ ಅಲ್ವಾ? ಕೂಗುವವರು ಮಾತ್ರ ಮನೆಯೊಳಗೇ ಇದ್ದರೆ ಸುಲಭ. ನಮ್ಮಲ್ಲಿ ಆ ಕೆಲಸ ರೂಟರಿನದು, ಸಾಗರದಿಂದ ನಾನು ಅದಕ್ಕೆ ಹೇಳುತ್ತೇನೆ, ಅದು ಕೂಗುತ್ತದೆ.

ಕಳೆದ ವಾರ ಎಷ್ಟು ಕೂಗಿಸಿದರೂ ಕಂಪ್ಯೂಟರು ಏಳಲಿಲ್ಲ. ಅತ್ತೆಗೆ ಫೋನ್ ಮಾಡಿದೆ. ‘ರಾತ್ರಿ ಹಿಂದುಗಡೆ ಅದೇನೋ ದೀಪ ಮಿಣಮಿಣ ಅಂತಿತ್ತು. ಸುಮ್ನೆ ಕರೆಂಟು ದಂಡ ಅಂತ ಗೋಡೆ ಸ್ವಿಚ್ಚೇ ಆರಿಸಿದೆ ಕಣಮ್ಮ’ ಅಂದರು. ಈ ಸ್ಥಿತಿಗೂ ಒಂದು ಪದ ಬೇಕು. ಮಲಗಿದ್ದಲ್ಲ, ಕೆಟ್ಟದ್ದೂ ಅಲ್ಲ. ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಕಡೆಯವರು ಏನಂತೀರಿ?